ಕರೆಂಟ್ ಹೋಗಿ ಬಂದ ಮೇಲೆ ನ್ಯಾಸ್ ತೆರೆಯುತ್ತಿಲ್ಲವೇ? ಡೇಟಾ ಹೊರತೆಗೆಯುವ ಸಮಗ್ರ ಮಾರ್ಗದರ್ಶಿ

ಕರೆಂಟ್ ಹೋಯಿತು, ಬಂತು, ಎರಡೇ ನಿಮಿಷಕ್ಕೆ ಮತ್ತೆ ಹೋಯಿತು. ಕೊನೆಗೆ ಬಂದು ನಿಂತಾಗ ಮೂಲೆಯಲ್ಲಿದ್ದ ನ್ಯಾಸ್ (ಎಲ್ಲರೂ ನೆಟ್‌ವರ್ಕ್ ಮೂಲಕ ಫೈಲ್ ಇಡುವ ಡಿಸ್ಕುಗಳ ಪೆಟ್ಟಿಗೆ) ಮಾತ್ರ ಮೊದಲಿನ ಹಾಗಿಲ್ಲ. ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿದೆ, ಅಥವಾ ಬಿಡದೆ ಬೀಪ್ ಅನ್ನುತ್ತಿದೆ, ಅಥವಾ ಎಲ್ಲ ಸರಿಯಿರುವಂತೆ ಕಂಡರೂ ನೆಟ್‌ವರ್ಕ್‌ನಲ್ಲಿ ಒಂದು ಫೋಲ್ಡರ್ ಕೂಡ ಕಾಣುತ್ತಿಲ್ಲ. ಹತ್ತು ವರ್ಷದ ಫೋಟೋ, ಕೆಲಸದ ಕಡತ, ಮಕ್ಕಳ ವಿಡಿಯೋ ಎಲ್ಲ ಅದರಲ್ಲೇ ಇತ್ತು ಅಂತ ನೆನಪಾದಾಗ ಕೈಕಾಲು ಆಡುವುದಿಲ್ಲ.

ಸಮಾಧಾನದ ಮಾತು ಒಂದಿದೆ, ಅದು ನಿಜವೂ ಹೌದು. ನಿಮ್ಮ ಫೈಲ್‌ಗಳು ಬಹುತೇಕ ಡಿಸ್ಕಿನ ಮೇಲೆಯೇ ಇವೆ. ಕರೆಂಟ್ ಹೋದ ಕ್ಷಣದಲ್ಲಿ ಕೆಡುವುದು ಸಾಮಾನ್ಯವಾಗಿ ಆಗ ಬರೆಯುತ್ತಿದ್ದ ಸ್ವಲ್ಪ ಭಾಗ ಮಾತ್ರ. ಡೇಟಾ ಪೂರ್ತಿ ಹೋಗುವುದು ಹೆಚ್ಚಾಗಿ ಅದಾದ ಮೇಲಿನ ಒಂದು ಗಂಟೆಯಲ್ಲಿ, ಗಾಬರಿಯಲ್ಲಿ ಒತ್ತಿದ ಒಂದು ಬಟನ್‌ನಿಂದ. ನನ್ನ ಸ್ನೇಹಿತರೊಬ್ಬರ ನಾಲ್ಕು ಡಿಸ್ಕಿನ ನ್ಯಾಸ್‌ನಲ್ಲಿ ಹೀಗೇ ಆಯಿತು. ಫೋನಿನಲ್ಲಿ ಸಹಾಯ ಮಾಡುತ್ತಿದ್ದವರು "ಹೊಸ ವಾಲ್ಯೂಮ್ ಮಾಡಿ, ಹಳೇದು ಆಮೇಲೆ ಬರುತ್ತೆ" ಅಂದರು (ವಾಲ್ಯೂಮ್ ಅಂದರೆ ಡಿಸ್ಕುಗಳ ಮೇಲೆ ಫೈಲ್ ಇಡಲು ಮಾಡಿಕೊಂಡ ಜಾಗ), ಇವರು ನಂಬಿ ಮಾಡಿದರು. ಅಲ್ಲಿಯವರೆಗೆ ಅರ್ಧ ದಿನದಲ್ಲಿ ಮುಗಿಯಬಹುದಾಗಿದ್ದ ಕೆಲಸ ಮೂರು ವಾರ ಎಳೆಯಿತು, ಎಲ್ಲವೂ ವಾಪಸ್ ಬರಲೂ ಇಲ್ಲ. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಒಂದು ಸೂಚನೆ: ಆಜ್ಞೆಗಳನ್ನು ಇಲ್ಲಿ ಹೆಸರಿನಿಂದ ಹೇಳುತ್ತೇನೆ. ಟೈಪ್ ಮಾಡುವ ಮೊದಲು ಆಯಾ ಟೂಲ್‌ನ ಮ್ಯಾನುಯಲ್ ಪುಟ ತೆರೆದು ಪೂರ್ತಿ ರೂಪ ನೋಡಿಕೊಳ್ಳಿ. ಈ ಕೆಲಸದಲ್ಲಿ ಒಂದು ಅಕ್ಷರ ತಪ್ಪಿದರೂ ಬೇರೆ ಡಿಸ್ಕಿನ ಮೇಲೆ ಕೈ ಇಟ್ಟಂತಾಗುತ್ತದೆ.

ಒಳಗೆ ಏನಾಗಿರಬಹುದು

ಮನೆ ಮತ್ತು ಸಣ್ಣ ಆಫೀಸುಗಳ ನ್ಯಾಸ್ ಅಂದರೆ ಬಹುಪಾಲು ಒಂದು ಸಣ್ಣ ಲಿನಕ್ಸ್ ಕಂಪ್ಯೂಟರ್. ಸಿನಾಲಜಿ, ಕ್ಯೂನ್ಯಾಪ್ ಕಂಪನಿಗಳ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ತಳದಲ್ಲಿರುವುದು ಲಿನಕ್ಸ್‌ನ ಎಂಡಿ ಅನ್ನುವ ಸಾಫ್ಟ್‌ವೇರ್ ರೇಡ್, ಅಂದರೆ ಹಲವು ಡಿಸ್ಕುಗಳನ್ನು ಸೇರಿಸಿ ಒಂದಾಗಿ ತೋರಿಸುವ ವ್ಯವಸ್ಥೆ. ಅದರ ಮೇಲೆ ಹೆಚ್ಚಿನ ಕಡೆ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ಎಲ್‌ವಿಎಂ, ಅದರ ಮೇಲೆ ಫೈಲ್, ಫೋಲ್ಡರ್‌ಗಳ ಲೆಕ್ಕ ಇಡುವ ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್. ಟ್ರೂನ್ಯಾಸ್ ಆದರೆ ಈ ಪದರಗಳ ಕೆಲಸವನ್ನೆಲ್ಲ ತಾನೇ ಮಾಡುವ ಝಡ್‌ಎಫ್‌ಎಸ್. ಈ ಪದರಗಳು ನೆನಪಿರಲಿ, ಏಕೆಂದರೆ ತೊಂದರೆ ಯಾವ ಪದರದಲ್ಲಿದೆ ಅಂತ ಹುಡುಕುವುದೇ ಅರ್ಧ ಕೆಲಸ. ಪೆಟ್ಟಿಗೆ ಸತ್ತರೂ ಡಿಸ್ಕುಗಳನ್ನು ಸಾಮಾನ್ಯ ಕಂಪ್ಯೂಟರ್‌ಗೆ ಹಾಕಿ ಓದಬಹುದು ಅನ್ನುವುದಕ್ಕೂ ಇದೇ ಕಾರಣ.

ಕರೆಂಟ್ ಹೋದಾಗ ಆಗುವುದು ಈ ನಾಲ್ಕರಲ್ಲಿ ಒಂದು. ಅಡಾಪ್ಟರ್ ಅಥವಾ ಬೋರ್ಡ್ ಸುಟ್ಟಿರುತ್ತದೆ. ಅಥವಾ ಡಿಸ್ಕಿಗೇ ಪೆಟ್ಟು ಬಿದ್ದಿರುತ್ತದೆ. ಅಥವಾ ಒಂದು ಡಿಸ್ಕು ಬರೆದು ಮುಗಿಸಿ ಇನ್ನೊಂದು ಮುಗಿಸದೆ, ರೇಡ್‌ನ ಲೆಕ್ಕ ಹೊಂದುತ್ತಿರುವುದಿಲ್ಲ. ಅಥವಾ ಮೆಮೊರಿಯಲ್ಲಿದ್ದದ್ದು ಡಿಸ್ಕಿಗೆ ಇಳಿಯುವ ಮೊದಲೇ ಹೋಗಿ ಫೈಲ್ ಸಿಸ್ಟಮ್ ಅರ್ಧಂಬರ್ಧ ಆಗಿರುತ್ತದೆ. ಮೊದಲನೆಯದು ಸುಲಭ, ಎರಡನೆಯದು ಕಷ್ಟ, ಉಳಿದೆರಡಕ್ಕೆ ತಾಳ್ಮೆ ಬೇಕು.

ಮೊದಲ ಹೆಜ್ಜೆ: ಏನೂ ಮಾಡಬೇಡಿ

ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಪದೇ ಪದೇ ಆನ್ ಮಾಡಿ ನೋಡುವುದು ಬೇಡ. ಪ್ರತಿ ಸಲ ಆನ್ ಆದಾಗಲೂ ಪೆಟ್ಟಿಗೆ ತನ್ನಷ್ಟಕ್ಕೆ ರೇಡ್ ರಿಪೇರಿ ಶುರು ಮಾಡಬಹುದು, ಡಿಸ್ಕುಗಳ ಮೇಲೆ ಬರೆಯಬಹುದು.

ಪರದೆ ಮೇಲೆ ಇನಿಷಿಯಲೈಸ್, ಫಾರ್ಮ್ಯಾಟ್, ಹೊಸ ವಾಲ್ಯೂಮ್, ರಿಪೇರಿ, ರೀಬಿಲ್ಡ್ ಅಂತ ಏನು ಕಂಡರೂ ಒತ್ತಬೇಡಿ. ರೀಬಿಲ್ಡ್ ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಆದರೆ ರೀಬಿಲ್ಡ್ ಅಂದರೆ ಉಳಿದ ಡಿಸ್ಕುಗಳನ್ನು ಮೊದಲಿಂದ ಕೊನೆಯವರೆಗೆ ಓದಿ ಒಂದು ಡಿಸ್ಕಿನ ಮೇಲೆ ಹೊಸದಾಗಿ ಬರೆಯುವುದು. ಆ ಓದಿನ ನಡುವೆ ಇನ್ನೊಂದು ಬಳಲಿದ ಡಿಸ್ಕು ಕೈಕೊಟ್ಟರೆ ಎರಡೂ ಹೋದವು. ಸರಿಯಾದ ಡೇಟಾ ಇದ್ದ ಡಿಸ್ಕಿನ ಮೇಲೆಯೇ ಬರೆದರೆ ಅದು ಇನ್ನೂ ಕೆಟ್ಟದು.

ಅಡಾಪ್ಟರ್ ನೋಡಿ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಜನ ಇದನ್ನು ಕೊನೆಗೆ ನೋಡುತ್ತಾರೆ. ನಾನು ಮೊದಲು ನೋಡುತ್ತೇನೆ. ಕರೆಂಟ್ ಏರಿಳಿತಕ್ಕೆ ಮೊದಲು ಬಲಿಯಾಗುವುದು ಅಡಾಪ್ಟರ್‌ನ ಒಳಗಿನ ಕೆಪಾಸಿಟರ್‌ಗಳು. ಅಡಾಪ್ಟರ್ ಪೂರ್ತಿ ಸತ್ತರೆ ಪತ್ತೆ ಹಚ್ಚುವುದು ಸುಲಭ. ಅರೆಜೀವವಾಗಿದ್ದರೆ ಮಾತ್ರ ಬಹಳ ಮೋಸ ಮಾಡುತ್ತದೆ: ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಆದರೆ ಡಿಸ್ಕುಗಳು ತಿರುಗಲು ಶುರು ಮಾಡಿದ ತಕ್ಷಣ ವೋಲ್ಟೇಜ್ ಕುಸಿದು ಪೆಟ್ಟಿಗೆ ಮತ್ತೆ ಮೊದಲಿಂದ ಆನ್ ಆಗುತ್ತದೆ. 3.5 ಇಂಚಿನ ಒಂದು ಡಿಸ್ಕು ತಿರುಗಲು ಶುರು ಮಾಡುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್‌ವರೆಗೂ ಎಳೆಯುತ್ತದೆ. ಹಾಗಾಗಿ ಮಲ್ಟಿಮೀಟರ್ ಇಟ್ಟು ಸುಮ್ನೆ ಅಳೆದರೆ 12 ವೋಲ್ಟ್ ತೋರಿಸಿ, ಭಾರ ಬಿದ್ದಾಗ ಕೈಚೆಲ್ಲುವ ಅಡಾಪ್ಟರ್‌ಗಳು ಬೇಕಾದಷ್ಟಿವೆ. ಅದೇ ವೋಲ್ಟೇಜ್, ಅದೇ ಪಿನ್, ಅದೇ ಧ್ರುವ, ಅಷ್ಟೇ ಅಥವಾ ಜಾಸ್ತಿ ಆಂಪಿಯರ್ ಇರುವ ಇನ್ನೊಂದು ಅಡಾಪ್ಟರ್ ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ. ಪಿನ್ ಕೂರುತ್ತದೆ ಅಂತ ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್ ಮಾತ್ರ ಚುಚ್ಚಬೇಡಿ, ಆಮೇಲೆ ಬೋರ್ಡ್ ಮತ್ತು ಡಿಸ್ಕು ಎರಡೂ ಸುಡಬಹುದು.

ಈ ಪರೀಕ್ಷೆ ಮಾಡುವಾಗ ಡಿಸ್ಕುಗಳನ್ನು ಹೊರಗಿಟ್ಟಿರಬೇಕು, ಹೊರತೆಗೆಯುವ ಮೊದಲು ಮುಂದಿನ ಭಾಗದಲ್ಲಿ ಹೇಳಿದ ಹಾಗೆ ನಂಬರ್ ಹಚ್ಚಿರಬೇಕು. ಖಾಲಿ ಪೆಟ್ಟಿಗೆ ಹೊಸ ಅಡಾಪ್ಟರ್‌ನಲ್ಲಿ ಸ್ಥಿರವಾಗಿ ಆನ್ ಆಗಿ ನಿಂತರೆ ಒಳ್ಳೆಯ ಲಕ್ಷಣ. ಖಾಲಿಯಿದ್ದಾಗಲೂ ಆನ್ ಆಗದಿದ್ದರೆ ಬೋರ್ಡ್ ಹೋಗಿದೆ ಅಂತ ಇಟ್ಟುಕೊಂಡು ಮುಂದೆ ಹೋಗಿ.

ಡಿಸ್ಕು ತೆಗೆಯುವ ಮೊದಲು ಹೆಸರು ಬರೆಯಿರಿ

ಪ್ರತಿ ಡಿಸ್ಕಿನ ಮೇಲೆ ಅಂಟುಪಟ್ಟಿ ಹಚ್ಚಿ ಖಾನೆಯ ನಂಬರ್ ಬರೆಯಿರಿ: 1, 2, 3, 4. ಸೀರಿಯಲ್ ನಂಬರ್ ಕಾಣುವಂತೆ ಫೋಟೋ ತೆಗೆಯಿರಿ. ಎಂಡಿ ರೇಡ್ ತನ್ನ ಕ್ರಮವನ್ನು ಡಿಸ್ಕಿನೊಳಗೇ ಬರೆದಿಟ್ಟಿರುತ್ತದೆ, ಆದರೂ ಆ ಗುರುತೇ ಹಾಳಾದರೆ ಉಳಿಯುವುದು ನೀವು ಬರೆದ ಈ ನಂಬರ್ ಮಾತ್ರ. ಕಂಪ್ಯೂಟರ್‌ಗೆ ಜೋಡಿಸಿದ ಮೇಲೆ ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳು ಪ್ರತಿ ಸಲ ಅದಲು ಬದಲಾಗಬಹುದು, ಸೀರಿಯಲ್ ನಂಬರ್ ಬದಲಾಗುವುದಿಲ್ಲ.

ಕಂಪ್ಯೂಟರ್‌ಗೆ ಜೋಡಿಸುವುದು

ವಿಂಡೋಸ್ ಬೇಡ. ವಿಂಡೋಸ್‌ಗೆ ಈ ಫೈಲ್ ಸಿಸ್ಟಮ್‌ಗಳು ಗೊತ್ತಿಲ್ಲ. ಡಿಸ್ಕು ಕಂಡ ತಕ್ಷಣ "ಫಾರ್ಮ್ಯಾಟ್ ಮಾಡಬೇಕೇ" ಅಂತಲೋ "ಇನಿಷಿಯಲೈಸ್ ಮಾಡಬೇಕೇ" ಅಂತಲೋ ಕೇಳುತ್ತದೆ, ನಿದ್ದೆಗಣ್ಣಲ್ಲಿ ಒಂದು ಸಲ ಹೌದು ಅಂದರೆ ಕಷ್ಟ. ಒಂದು ಪೆನ್ ಡ್ರೈವ್‌ನಲ್ಲಿ ಉಬುಂಟು ಲೈವ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್) ಹಾಕಿಕೊಂಡು ಕಂಪ್ಯೂಟರನ್ನು ಅದರಿಂದ ಬೂಟ್ ಮಾಡಿ. ಎಂಡಿಎಡಿಎಂ (ರೇಡ್ ಜೋಡಿಸಲು), ಎಲ್‌ವಿಎಂ2, ಸ್ಮಾರ್ಟ್‌ಮಾನ್‌ಟೂಲ್ಸ್ (ಡಿಸ್ಕಿನ ಆರೋಗ್ಯ ನೋಡಲು), ಗ್ನೂ ಡಿಡಿರೆಸ್ಕ್ಯೂ (ನಕಲು ಮಾಡಲು), ಟೆಸ್ಟ್‌ಡಿಸ್ಕ್ (ಕೊನೆಗೆ ಬೇಕಾಗುವ ಫೋಟೋರೆಕ್ ಇದರ ಜೊತೆ ಬರುತ್ತದೆ) ಇವಿಷ್ಟನ್ನೂ ಮೊದಲೇ ಇನ್‌ಸ್ಟಾಲ್ ಮಾಡಿ.

ಸಾಧ್ಯವಾದರೆ ಡಿಸ್ಕನ್ನು ನೇರವಾಗಿ ಸಾಟಾ ಕೇಬಲ್‌ನಲ್ಲಿ ಮದರ್‌ಬೋರ್ಡ್‌ಗೆ ಜೋಡಿಸಿ. ಯುಎಸ್‌ಬಿ ಡಾಕ್‌ಗಳಲ್ಲಿ ಕೆಲವು, ಸೆಕ್ಟರ್ (ಡಿಸ್ಕಿನಲ್ಲಿ ಓದುವ ಬರೆಯುವ ಅತಿ ಸಣ್ಣ ತುಂಡು) ಗಾತ್ರವನ್ನು 512 ಬೈಟ್‌ನಿಂದ 4096 ಬೈಟ್ ಅಂತ ಬದಲಿಸಿ ತೋರಿಸುತ್ತವೆ. ಆಗ ಪಾರ್ಟಿಷನ್‌ಗಳೇ ಕಾಣುವುದಿಲ್ಲ, ಡಿಸ್ಕು ಖಾಲಿಯಾಗಿದೆ ಅಂತ ನಾವು ಹೆದರುತ್ತೇವೆ. ಹೀಗಾದರೆ ಮೊದಲು ಡಾಕ್ ಬದಲಿಸಿ.

ಜೋಡಿಸಿದ ಕೂಡಲೇ ಬ್ಲಾಕ್‌ಡೆವ್ ಅನ್ನುವ ಆಜ್ಞೆಯಿಂದ ಪ್ರತಿ ಡಿಸ್ಕನ್ನೂ ಓದಲು ಮಾತ್ರ ಅನ್ನುವ ಸ್ಥಿತಿಗೆ ತನ್ನಿ. ಸಿಸ್ಟಮ್ ತಾನಾಗಿಯೇ ರೇಡ್ ಜೋಡಿಸಿಬಿಟ್ಟಿದೆಯೇ ಅಂತ ಪ್ರಾಕ್ ಒಳಗಿನ ಎಂಡಿಸ್ಟ್ಯಾಟ್ ಫೈಲ್ ತೆರೆದು ನೋಡಿ, ಜೋಡಿಸಿದ್ದರೆ ಎಂಡಿಎಡಿಎಂನ ಸ್ಟಾಪ್ ಆಯ್ಕೆ ಕೊಟ್ಟು ನಿಲ್ಲಿಸಿ.

ಡಿಸ್ಕಿನ ಆರೋಗ್ಯ

ಕಿವಿಯಿಂದ ಶುರು ಮಾಡಿ. ಟಕ್, ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬಂದರೆ, ಅಥವಾ ಲೋಹ ಉಜ್ಜಿದಂತೆ ಕೇಳಿದರೆ, ಆ ಕ್ಷಣವೇ ಆಫ್ ಮಾಡಿ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಓದುವ ಹೆಡ್ ತಟ್ಟೆಯನ್ನು ಗೀಚುತ್ತಿದ್ದರೆ ಪ್ರತಿ ನಿಮಿಷವೂ ಡೇಟಾ ಪುಡಿಯಾಗಿ ಹೋಗುತ್ತಿರುತ್ತದೆ. ಫ್ರೀಜರ್‌ನಲ್ಲಿಡುವ ಸಲಹೆ ಎಲ್ಲಾದರೂ ಓದಿದ್ದರೆ ಅದನ್ನು ಮರೆತುಬಿಡಿ, ಒಳಗೆ ತೇವ ಕಟ್ಟಿ ಇನ್ನೂ ಹಾಳಾಗುತ್ತದೆ.

ಡಿಸ್ಕು ಸದ್ದೇ ಮಾಡದಿದ್ದರೆ, ತಿರುಗದಿದ್ದರೆ, ಅದರ ಸರ್ಕ್ಯೂಟ್ ಬೋರ್ಡ್‌ಗೆ ಪೆಟ್ಟು ಬಿದ್ದಿರಬಹುದು. ಅದೇ ಮಾಡೆಲ್‌ನ ಇನ್ನೊಂದು ಬೋರ್ಡ್ ಹಾಕಿದರೆ ಸರಿಹೋಗುತ್ತದೆ ಅನ್ನುವುದು ಹಳೆಯ ಕಾಲದ ಮಾತು. ಈಗಿನ ಡಿಸ್ಕುಗಳಲ್ಲಿ ಆ ಡಿಸ್ಕಿಗೇ ಹೊಂದುವ ಮಾಹಿತಿ ಬೋರ್ಡಿನ ಮೇಲಿನ ಒಂದು ಚಿಪ್‌ನಲ್ಲಿರುತ್ತದೆ, ಆ ಚಿಪ್ಪನ್ನೂ ಬೆಸುಗೆ ಬಿಡಿಸಿ ಸಾಗಿಸಬೇಕು. ಅಭ್ಯಾಸ ಇಲ್ಲದವರು ಕೈ ಹಾಕಬೇಡಿ.

ಸದ್ದು ಸರಿಯಿದ್ದರೆ ಸ್ಮಾರ್ಟ್‌ಸಿಟಿಎಲ್ ಓಡಿಸಿ, ಡಿಸ್ಕು ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ಅನ್ನುವ ಆರೋಗ್ಯದ ವರದಿಯನ್ನು ಅದು ತೋರಿಸುತ್ತದೆ. ಉದ್ದ ಪಟ್ಟಿ ಬರುತ್ತದೆ, ನಾಲ್ಕು ಸಾಲು ನೋಡಿದರೆ ಸಾಕು, ಅವನ್ನು ಸಾಲಿನ ಮೊದಲಲ್ಲಿರುವ ನಂಬರ್‌ನಿಂದ ಗುರುತಿಸಿ. 5 ಅಂದರೆ ಹಾಳಾಗಿ ಬದಲಿಗೆ ಬೇರೆ ಜಾಗ ಕೊಟ್ಟ ಸೆಕ್ಟರ್‌ಗಳು, 197 ಅಂದರೆ ಈಗ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು, 198 ಅಂದರೆ ಸರಿಪಡಿಸಲಾಗದವು. 199 ಬೇರೆ ಜಾತಿ, ಅದು ಸಾಮಾನ್ಯವಾಗಿ ಕೇಬಲ್ ಅಥವಾ ಕನೆಕ್ಟರ್‌ನ ತೊಂದರೆ, ಡಿಸ್ಕಿನದ್ದಲ್ಲ. 197ನೇ ಸಾಲಿನ ಕೊನೆಯ ಸಂಖ್ಯೆ ಸೊನ್ನೆಗಿಂತ ಜಾಸ್ತಿ ಇದ್ದರೆ ಆ ಡಿಸ್ಕಿನಿಂದ ನೇರ ಕೆಲಸ ಮಾಡಬೇಡಿ, ಮೊದಲು ಪ್ರತಿ ತೆಗೆಯಿರಿ.

ಪ್ರತಿ ತೆಗೆಯುವುದು: ಇಲ್ಲಿ ಆತುರ ಬೇಡ

ನನ್ನ ಪ್ರಕಾರ ಇಡೀ ಕೆಲಸದ ಹೃದಯ ಇದು. ಮೂಲ ಡಿಸ್ಕಿನ ಒಂದೊಂದು ಸೆಕ್ಟರನ್ನೂ ಒಂದು ಫೈಲ್ ಆಗಿಯೋ ಇನ್ನೊಂದು ಡಿಸ್ಕಿಗೋ ನಕಲು ಮಾಡಿ, ಮೂಲವನ್ನು ಡ್ರಾಯರ್‌ನಲ್ಲಿಟ್ಟು, ಎಲ್ಲ ಪ್ರಯೋಗ ನಕಲಿನ ಮೇಲೆ ಮಾಡಿ. ನಕಲು ಕೆಟ್ಟರೆ ಇನ್ನೊಂದು ನಕಲು ಮಾಡಬಹುದು, ಮೂಲ ಕೆಟ್ಟರೆ ಏನೂ ಮಾಡಲಾಗದು.

ಸಾಮಾನ್ಯ ಕಾಪಿ ಟೂಲ್ ಒಂದು ಕೆಟ್ಟ ಸೆಕ್ಟರ್ ಸಿಕ್ಕರೆ ನಿಂತುಬಿಡುತ್ತದೆ. ಗ್ನೂ ಡಿಡಿರೆಸ್ಕ್ಯೂ ಹಾಗಲ್ಲ, ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಸಿಗುವುದನ್ನೆಲ್ಲ ತೆಗೆದುಕೊಂಡು, ಕಷ್ಟದ ಜಾಗಗಳನ್ನು ಬಿಟ್ಟು ಮುಂದೆ ಹೋಗುತ್ತದೆ, ಕೊನೆಗೆ ಬಂದು ಅವುಗಳ ಜೊತೆ ಗುದ್ದಾಡುತ್ತದೆ. ಮ್ಯಾಪ್ ಫೈಲ್ ಕೊಡುವುದನ್ನು ಮಾತ್ರ ಮರೆಯಬೇಡಿ. ಎಲ್ಲಿಯವರೆಗೆ ಓದಾಯಿತು ಅನ್ನುವುದು ಅದರಲ್ಲಿರುತ್ತದೆ, ನಡುವೆ ಕರೆಂಟ್ ಮತ್ತೆ ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಮೊದಲ ಸಲ ನೋ ಸ್ಕ್ರೇಪ್ (ಕಷ್ಟದ ಜಾಗಗಳನ್ನು ಕೆದಕಬೇಡ) ಆಯ್ಕೆ ಕೊಟ್ಟು ಓಡಿಸಿ, ಆಮೇಲೆ ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು ಮೂರು ಮರುಪ್ರಯತ್ನ ಕೊಟ್ಟು ಓಡಿಸಿ. ಯಾವುದು ಮೂಲ, ಯಾವುದು ಗುರಿ ಅಂತ ಎಂಟರ್ ಒತ್ತುವ ಮೊದಲು ಸೀರಿಯಲ್ ನಂಬರ್ ಜೊತೆ ಎರಡು ಸಲ ತಾಳೆ ನೋಡಿ. ಇಲ್ಲಿ ತಿರುಗುಮುರುಗಾದರೆ ಖಾಲಿ ಡಿಸ್ಕು ನಿಮ್ಮ ಫೋಟೋಗಳ ಮೇಲೆ ಬರೆದುಕೊಳ್ಳುತ್ತದೆ.

ಸಮಯ ಎಷ್ಟು? ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ 4 ಟೆರಾಬೈಟ್ ಡಿಸ್ಕಿಗೆ ಏಳೂವರೆ ಗಂಟೆ. ಕೆಟ್ಟ ಸೆಕ್ಟರ್‌ಗಳಿದ್ದರೆ ದಿನಗಟ್ಟಲೆ. ಡಿಸ್ಕು ಬಿಸಿಯಾಗದ ಹಾಗೆ ಒಂದು ಫ್ಯಾನ್ ತಿರುಗಿಸಿಡಿ.

ನಾಲ್ಕು ಡಿಸ್ಕು, ತಲಾ 4 ಟೆರಾಬೈಟ್ ಇದ್ದರೆ ನಕಲಿಗೇ 16 ಟೆರಾಬೈಟ್ ಬೇಕು, ಅಷ್ಟು ಜಾಗ ಎಲ್ಲಿಂದ ತರುವುದು ಅನ್ನುತ್ತೀರಿ. ನ್ಯಾಯವಾದ ಪ್ರಶ್ನೆ. ರೇಡ್ 1 ಆದರೆ ಎಲ್ಲ ಡಿಸ್ಕಿನಲ್ಲೂ ಇರುವುದು ಒಂದೇ ಡೇಟಾ, ಒಂದು ಡಿಸ್ಕಿನ ನಕಲು ಸಾಕು. ಡೇಟಾವನ್ನು ಎಲ್ಲ ಡಿಸ್ಕಿಗೂ ಹಂಚಿ ಬರೆಯುವ ರೇಡ್ 5 ಆದರೆ, ಸ್ಮಾರ್ಟ್‌ನಲ್ಲಿ ಸಂದೇಹ ಇರುವ ಡಿಸ್ಕುಗಳನ್ನಂತೂ ನಕಲು ಮಾಡಲೇಬೇಕು. ಪೂರ್ತಿ ಆರೋಗ್ಯವಾಗಿರುವ ಡಿಸ್ಕುಗಳ ಮೇಲೆ ಓವರ್‌ಲೇ ಹಾಕಿ ಕೆಲಸ ಮಾಡಬಹುದು. ಓವರ್‌ಲೇ ಅಂದರೆ ಡಿಎಂಸೆಟಪ್‌ನ ಸ್ನ್ಯಾಪ್‌ಶಾಟ್ ಬಳಸಿ ಡಿಸ್ಕಿನ ಮೇಲೆ ಒಂದು ಪಾರದರ್ಶಕ ಹಾಳೆ ಹೊದಿಸಿದ ಹಾಗೆ: ಓದುವುದು ಮೂಲದಿಂದ, ಬರೆಯುವುದೆಲ್ಲ ಬೇರೆ ಒಂದು ಸಣ್ಣ ಫೈಲ್‌ಗೆ. ಆ ಫೈಲ್ ಅಳಿಸಿದರೆ ಮಾಡಿದ್ದೆಲ್ಲ ಮಾಯ, ಮೂಲ ಹಾಗೇ ಇರುತ್ತದೆ.

ರೇಡ್ ಜೋಡಿಸುವುದು

ನಕಲು ಇಮೇಜ್ ಫೈಲ್ (ಇಡೀ ಡಿಸ್ಕು ಒಂದೇ ಫೈಲ್) ಆಗಿದ್ದರೆ ಲೋಸೆಟಪ್‌ನಿಂದ ಅದನ್ನು ಡಿಸ್ಕಿನ ಹಾಗೆ ತೋರಿಸಿ, ಓದಲು ಮಾತ್ರ ಮತ್ತು ಪಾರ್ಟಿಷನ್ ಹುಡುಕು ಎರಡೂ ಆಯ್ಕೆ ಕೊಡಿ. ಸಿನಾಲಜಿ ತರಹದ ಪೆಟ್ಟಿಗೆಯಲ್ಲಿ ಪ್ರತಿ ಡಿಸ್ಕಿನಲ್ಲೂ ಮೊದಲೆರಡು ಸಣ್ಣ ಪಾರ್ಟಿಷನ್‌ಗಳು ಸಿಸ್ಟಮ್ ಮತ್ತು ಸ್ವ್ಯಾಪ್‌ನವು, ನಿಮ್ಮ ಡೇಟಾ ಇರುವುದು ಅದರ ಮುಂದಿನ ದೊಡ್ಡದರಲ್ಲಿ.

ಆ ದೊಡ್ಡ ಪಾರ್ಟಿಷನ್‌ಗಳ ಮೇಲೆ ಎಂಡಿಎಡಿಎಂನ ಎಕ್ಸಾಮಿನ್ ಆಯ್ಕೆ ಓಡಿಸಿ, ಬಂದದ್ದನ್ನೆಲ್ಲ ಒಂದು ಪಠ್ಯ ಫೈಲ್‌ಗೆ ಉಳಿಸಿ. ಇದು ಬರೀ ಓದುತ್ತದೆ, ಭಯವಿಲ್ಲ. ರೇಡ್ ಲೆವೆಲ್, ಅರೇ ಯುಯುಐಡಿ, ಡಿವೈಸ್ ರೋಲ್, ಅಪ್‌ಡೇಟ್ ಟೈಮ್ ಎಲ್ಲ ಸಿಗುತ್ತದೆ. ನಿಮ್ಮ ಕಣ್ಣು ಹೋಗಬೇಕಾದದ್ದು ಈವೆಂಟ್ಸ್ ಅನ್ನುವ ಸಾಲಿಗೆ. ರೇಡ್‌ನ ಸ್ಥಿತಿ ಬದಲಾದಾಗಲೆಲ್ಲ ಈ ಎಣಿಕೆ ಏರುತ್ತದೆ. ಎಲ್ಲ ಡಿಸ್ಕುಗಳಲ್ಲೂ ಒಂದೇ ಸಂಖ್ಯೆ ಇದ್ದರೆ ನಿಟ್ಟುಸಿರು ಬಿಡಿ. ಒಂದರಲ್ಲಿ 20418, ಇನ್ನೊಂದರಲ್ಲಿ 20414 ಅಂತ ಸ್ವಲ್ಪ ವ್ಯತ್ಯಾಸ ಇದ್ದರೆ ಅದು ಕರೆಂಟ್ ಹೋದ ಕ್ಷಣದ ಗುರುತು, ದಾಟಬಹುದು. ಒಂದು ಡಿಸ್ಕು ಸಾವಿರಗಟ್ಟಲೆ ಹಿಂದಿದ್ದು, ಅಪ್‌ಡೇಟ್ ಟೈಮ್ ತಿಂಗಳುಗಳ ಹಿಂದಿನದಾಗಿದ್ದರೆ, ಆ ಡಿಸ್ಕು ಕರೆಂಟ್ ಹೋಗುವುದಕ್ಕೆ ಎಷ್ಟೋ ಮೊದಲೇ ರೇಡ್‌ನಿಂದ ಹೊರಬಿದ್ದಿತ್ತು, ಯಾರೂ ಗಮನಿಸಿರಲಿಲ್ಲ. ಇದು ನೀವಂದುಕೊಳ್ಳುವುದಕ್ಕಿಂತ ಜಾಸ್ತಿ ಕಾಣಸಿಗುತ್ತದೆ. ಅದನ್ನು ಜೋಡಣೆಯಿಂದ ಹೊರಗಿಡಿ, ಸೇರಿಸಿದರೆ ಹಳೆಯ ಡೇಟಾ ಹೊಸದರ ಜೊತೆ ಬೆರೆಯುತ್ತದೆ.

ರೇಡ್ 0 ಆದರೆ ಎಲ್ಲ ಡಿಸ್ಕೂ ಬೇಕು. ರೇಡ್ 5ರಲ್ಲಿ ಒಂದು ಇಲ್ಲದಿದ್ದರೂ ನಡೆಯುತ್ತದೆ, ರೇಡ್ 6ರಲ್ಲಿ ಎರಡು.

ಮೊದಲು ಅಸೆಂಬಲ್ ಆಯ್ಕೆಯನ್ನು ರೀಡ್‌ಓನ್ಲಿ ಜೊತೆ ಕೊಡಿ. ಹೆಚ್ಚಿನ ಸಲ ಇಷ್ಟಕ್ಕೇ ಆಗುತ್ತದೆ. ರೇಡ್ 5ರಲ್ಲಿ ಒಂದು ಡಿಸ್ಕು ಇಲ್ಲದೆ, ಮೇಲಾಗಿ ಸರಿಯಾಗಿ ಶಟ್‌ಡೌನ್ ಕೂಡ ಆಗಿರದಿದ್ದರೆ, ಲಿನಕ್ಸ್ ಅದನ್ನು ಶುರು ಮಾಡಲು ಒಪ್ಪುವುದಿಲ್ಲ. ಡೇಟಾಕ್ಕೂ ಪ್ಯಾರಿಟಿಗೂ (ಇಲ್ಲದ ಡಿಸ್ಕಿನ ಡೇಟಾ ಮರಳಿ ಲೆಕ್ಕ ಹಾಕಲು ಇಟ್ಟ ಹೆಚ್ಚುವರಿ ಮಾಹಿತಿ) ಹೊಂದಾಣಿಕೆ ಇದೆಯೋ ಇಲ್ಲವೋ ಅದಕ್ಕೆ ಖಾತ್ರಿಯಿಲ್ಲ, ರೈಟ್ ಹೋಲ್ ಅಂತ ಕರೆಯುವುದು ಇದನ್ನೇ. ಆಗ ಫೋರ್ಸ್ ಕೊಡಬೇಕಾಗುತ್ತದೆ. ಫೋರ್ಸ್ ಡಿಸ್ಕಿನ ಮೇಲಿನ ಗುರುತುಗಳನ್ನು ತಿದ್ದುತ್ತದೆ, ಹಾಗಾಗಿ ಅದು ನಕಲು (ಓದಲು ಮಾತ್ರ ಅನ್ನುವ ಆಯ್ಕೆ ತೆಗೆದು) ಅಥವಾ ಓವರ್‌ಲೇ ಮೇಲೆ ಮಾತ್ರ. ಸಿನಾಲಜಿಯೇ ಕೊಡುವ ಉಬುಂಟು ವಿಧಾನದ ಆಜ್ಞೆಯಲ್ಲೂ ಈ ಫೋರ್ಸ್ ಸೇರಿಕೊಂಡಿದೆ, ಮೂಲ ಡಿಸ್ಕಿನ ಮೇಲೆ ಅದನ್ನು ಸೀದಾ ಓಡಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಕ್ರಿಯೇಟ್ ಆಯ್ಕೆ ಮುಟ್ಟಲೇಬೇಡಿ. ಅದು ಹಳೆಯ ಗುರುತು ಅಳಿಸಿ ಹೊಸ ರೇಡ್ ಬರೆಯುತ್ತದೆ. ಕ್ರಮ, ಚಂಕ್ ಗಾತ್ರ, ಆಫ್‌ಸೆಟ್ ಇವುಗಳಲ್ಲಿ ಒಂದು ತಪ್ಪಿದರೂ ಮುಗಿಯಿತು.

ರೇಡ್ ಎದ್ದ ಮೇಲೆ ಎಲ್‌ವಿಎಂ ಇದ್ದರೆ ವಿಜಿಸ್ಕ್ಯಾನ್, ಆಮೇಲೆ ವಿಜಿಚೇಂಜ್‌ನಿಂದ ಅದನ್ನು ಚಾಲೂ ಮಾಡಿ. ಕ್ಯೂನ್ಯಾಪ್‌ನ ಕೆಲವು ವಾಲ್ಯೂಮ್‌ಗಳಲ್ಲಿ ಎಲ್‌ವಿಎಂ ಅನ್ನು ಅವರದೇ ರೀತಿಯಲ್ಲಿ ಬದಲಿಸಿದ್ದಾರೆ, ಸಾಮಾನ್ಯ ಲಿನಕ್ಸ್‌ನಲ್ಲಿ ಗೊತ್ತಿಲ್ಲದ ಸೆಗ್ಮೆಂಟ್ ಅಂತ ಬಂದರೆ ಡಿಸ್ಕು ಕೆಟ್ಟಿದೆ ಅಂದುಕೊಳ್ಳಬೇಡಿ. ಅಂಥದ್ದಕ್ಕೆ ಅದೇ ಕಂಪನಿಯ ಇನ್ನೊಂದು ಪೆಟ್ಟಿಗೆ, ಇಲ್ಲವೇ ಯುಎಫ್‌ಎಸ್ ಎಕ್ಸ್‌ಪ್ಲೋರರ್ ತರಹದ ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ದಾರಿ.

ವಾಲ್ಯೂಮ್ ಎನ್‌ಕ್ರಿಪ್ಟ್ ಮಾಡಿದ್ದರೆ ಪಾಸ್‌ವರ್ಡ್ ಅಥವಾ ಕೀ ಫೈಲ್ ಬೇಕೇ ಬೇಕು, ಅದಿಲ್ಲದೆ ಯಾರಿಂದಲೂ ಆಗದು.

ಫೈಲ್ ಸಿಸ್ಟಮ್ ತೆರೆಯುವುದು

ಇಎಕ್ಸ್‌ಟಿ4 ಆದರೆ ರೀಡ್‌ಓನ್ಲಿ ಜೊತೆಗೆ ನೋಲೋಡ್ ಆಯ್ಕೆ ಕೊಟ್ಟು ಮೌಂಟ್ ಮಾಡಿ, ಅಂದರೆ ಫೋಲ್ಡರ್‌ಗಳು ಕಾಣುವಂತೆ ತೆರೆಯಿರಿ. ನೋಲೋಡ್ ಇಲ್ಲದಿದ್ದರೆ, ಓದಲು ಮಾತ್ರ ಅಂದರೂ ಜರ್ನಲ್ (ಮುಗಿಯದ ಬರವಣಿಗೆಯ ದಾಖಲೆ) ಮರಳಿ ಓಡಿಸಲು ಅದು ಡಿಸ್ಕಿಗೆ ಬರೆಯುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಎಕ್ಸ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್ ಸಿಸ್ಟಮ್‌ನಲ್ಲಿ ಅದೇ ಕೆಲಸಕ್ಕೆ ನೋರಿಕವರಿ.

ಮೌಂಟ್ ಆಗದೆ ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್‌ನ ಮುಖ್ಯ ವಿವರ ಇರುವ ಜಾಗ) ಕೆಟ್ಟಿದೆ ಅಂತ ಬಂದರೆ ಎದೆಗುಂದಬೇಡಿ. ಇಎಕ್ಸ್‌ಟಿ4 ತನ್ನ ಸೂಪರ್‌ಬ್ಲಾಕ್‌ನ ಪ್ರತಿಗಳನ್ನು ಹಲವು ಕಡೆ ಇಟ್ಟಿರುತ್ತದೆ, 4 ಕಿಲೋಬೈಟ್ ಬ್ಲಾಕ್ ಆದರೆ ಮೊದಲ ಪ್ರತಿ 32768ನೇ ಬ್ಲಾಕ್‌ನಲ್ಲಿ. ಫೈಲ್ ಸಿಸ್ಟಮ್ ಪರೀಕ್ಷಿಸುವ ಇ2ಎಫ್‌ಎಸ್‌ಸಿಕೆಗೆ ಆ ಸಂಖ್ಯೆ ಕೊಟ್ಟು, ಮೊದಲು ಏನನ್ನೂ ಬದಲಿಸದ ಪರೀಕ್ಷೆಯ ಆಯ್ಕೆಯಲ್ಲಿ ಓಡಿಸಿ. ಅದು ಪಟ್ಟಿ ಮಾಡುವ ದೋಷಗಳು ಹತ್ತಿಪ್ಪತ್ತು ಇದ್ದರೆ ಓವರ್‌ಲೇ ಮೇಲೆ ರಿಪೇರಿ ಮಾಡಿಸಬಹುದು. ಸಾವಿರಾರು ಸಾಲು ಸುರಿಯತೊಡಗಿದರೆ ನಿಲ್ಲಿಸಿ, ರೇಡ್ ಜೋಡಣೆಯೇ ತಪ್ಪಿರುವ ಸಾಧ್ಯತೆ ಜಾಸ್ತಿ. ಹುಣಸೆಹಣ್ಣು ಹಾಕಿ ತಿಕ್ಕಿದಷ್ಟೂ ಹೊಳೆಯುವ ಹಿತ್ತಾಳೆ ಪಾತ್ರೆಯಲ್ಲ ಇದು, ತಪ್ಪು ಜೋಡಣೆಯ ಮೇಲೆ ರಿಪೇರಿ ಓಡಿಸಿದರೆ ಸರಿಯಿದ್ದ ಫೈಲ್‌ಗಳೂ ಚೂರಾಗುತ್ತವೆ.

ಬಿಟಿಆರ್‌ಎಫ್‌ಎಸ್ ಬೇರೆ ಸ್ವಭಾವದ್ದು. ಅದು ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುತ್ತದೆ, ಹಾಗಾಗಿ ಸ್ವಲ್ಪ ಹಿಂದಿನ ಸ್ಥಿತಿ ಇನ್ನೂ ಅಲ್ಲೇ ಉಳಿದಿರುವ ಸಾಧ್ಯತೆ ಇದೆ. ರೀಡ್‌ಓನ್ಲಿ ಜೊತೆ ಯೂಸ್‌ಬ್ಯಾಕಪ್‌ರೂಟ್ ಕೊಟ್ಟು ಮೌಂಟ್ ಮಾಡಿ ನೋಡಿ. ಆಗದಿದ್ದರೆ ಬಿಟಿಆರ್‌ಎಫ್‌ಎಸ್ ರಿಸ್ಟೋರ್ ಇದೆ, ಮೌಂಟ್ ಮಾಡದೆಯೇ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಎತ್ತಿಕೊಡುತ್ತದೆ, ನನಗೆ ಇದರ ಮೇಲೆ ತುಂಬಾ ನಂಬಿಕೆ. ಬಿಟಿಆರ್‌ಎಫ್‌ಎಸ್ ಚೆಕ್‌ನ ರಿಪೇರಿ ಆಯ್ಕೆ ಮಾತ್ರ ಬೇಡ, ಅದನ್ನು ಮಾಡಿದವರೇ ಅಪಾಯಕಾರಿ ಅಂತ ಎಚ್ಚರಿಸುತ್ತಾರೆ.

ಝಡ್‌ಎಫ್‌ಎಸ್ ಆದರೆ ಪೂಲನ್ನು (ಅದರ ಡಿಸ್ಕುಗಳ ಗುಂಪು) ರೀಡ್‌ಓನ್ಲಿಯಾಗಿ ಇಂಪೋರ್ಟ್ ಮಾಡಿ. ಒಪ್ಪದಿದ್ದರೆ ಕೊನೆಯ ಕೆಲವು ವಹಿವಾಟುಗಳನ್ನು ಕೈಬಿಟ್ಟು ಹಿಂದಕ್ಕೆ ಸರಿಯುವ ದೊಡ್ಡ ಎಫ್ ಆಯ್ಕೆ ಇದೆ, ಮೊದಲು ಸಣ್ಣ ಎನ್ ಸೇರಿಸಿ ಅದು ಸಾಧ್ಯವೇ ಅಂತ ಕೇಳಿ ನೋಡಿ.

ಏನೂ ಆಗದಿದ್ದಾಗ ಕೊನೆಗೆ ಫೋಟೋರೆಕ್. ಫೈಲ್ ಸಿಸ್ಟಮ್ ಬಿಟ್ಟು, ಜೆಪೆಗ್ ಹೀಗೆ ಶುರುವಾಗುತ್ತದೆ, ಪಿಡಿಎಫ್ ಹೀಗೆ ಅಂತ ಗುರುತು ಹಿಡಿದು ಎತ್ತುತ್ತದೆ. ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ, ತುಂಡಾಗಿ ಹರಡಿದ ದೊಡ್ಡ ವಿಡಿಯೋಗಳು ಹಾಳಾಗಿ ಬರುತ್ತವೆ. ಆದರೆ ಮಗುವಿನ ಮೊದಲ ವರ್ಷದ ಫೋಟೋ ಹೆಸರಿಲ್ಲದೆ ಸಿಕ್ಕರೂ ಸಿಕ್ಕಿದ ಹಾಗೇ. ರೇಡ್ 5ರಲ್ಲಿ ಇದನ್ನು ಜೋಡಿಸಿದ ಅರೇ (ಒಂದಾಗಿ ಕೂಡಿಸಿದ ರೇಡ್) ಮೇಲೆ ಓಡಿಸಬೇಕು, ಬಿಡಿ ಡಿಸ್ಕಿನ ಮೇಲಲ್ಲ, ಅಲ್ಲಿ ಎಲ್ಲ ಚೂರುಚೂರಾಗಿರುತ್ತದೆ.

ಹೊರಗೆ ಸಾಗಿಸಿ, ತೆರೆದು ನೋಡಿ

ಮೌಂಟ್ ಆದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಎಳೆಯಬೇಡಿ. ಮತ್ತೆಲ್ಲೂ ಸಿಗದಿರುವುದು ಮೊದಲು, ಸಿನಿಮಾ ಮತ್ತೆ ಸಿಗುತ್ತದೆ. ಆರ್‌ಸಿಂಕ್ ಅನ್ನುವ ಕಾಪಿ ಟೂಲ್ ಬಳಸಿ, ಲಾಗ್ ಫೈಲ್ ಇಡಿ, ಓದಲಾಗದ ಫೈಲ್‌ಗಳ ಹೆಸರು ಅದರಲ್ಲಿ ಸಿಗುತ್ತವೆ. ಹೆಸರು, ಗಾತ್ರ ಸರಿಯಿದ್ದ ಮಾತ್ರಕ್ಕೆ ಫೈಲ್ ಸರಿಯಿದೆ ಅಂತಲ್ಲ. ಪ್ರತಿ ಫೋಲ್ಡರ್‌ನಿಂದ ಕೆಲವನ್ನು, ಅದರಲ್ಲೂ ದೊಡ್ಡ ಫೈಲ್‌ಗಳನ್ನು ನಿಜವಾಗಿ ತೆರೆದು ನೋಡಿ. ಫೋಟೋದ ಮೇಲರ್ಧ ಸರಿಯಿದ್ದು ಕೆಳಗೆ ಬೂದು ಪಟ್ಟಿ ಕಂಡರೆ, ಸಣ್ಣ ಫೈಲ್‌ಗಳು ತೆರೆದು ದೊಡ್ಡವು ಮಾತ್ರ ಕೆಟ್ಟಿದ್ದರೆ, ರೇಡ್‌ನ ಡಿಸ್ಕುಗಳ ಕ್ರಮ ತಪ್ಪಿರಬಹುದು ಅಥವಾ ಹಳೆಯ ಡಿಸ್ಕು ಒಳಗೆ ಸೇರಿರಬಹುದು. ಹಿಂದೆ ಹೋಗಿ ಎಕ್ಸಾಮಿನ್ ಫೈಲ್ ಮತ್ತೆ ಓದಿ.

ಕರೆಂಟ್ ಹೋದ ದಿನ ಬರೆಯುತ್ತಿದ್ದ ಫೈಲ್‌ಗಳು, ಮುಖ್ಯವಾಗಿ ಡೇಟಾಬೇಸ್ ಮತ್ತು ವರ್ಚುವಲ್ ಮೆಷಿನ್‌ಗಳು, ಒಳಗೆ ಕೆಟ್ಟಿರಬಹುದು. ಅವನ್ನು ಅವುಗಳದೇ ಪ್ರೋಗ್ರಾಂನಲ್ಲಿ ಪರೀಕ್ಷಿಸಿ.

ಪೆಟ್ಟಿಗೆ ಮತ್ತೆ ಶುರು ಮಾಡುವಾಗ

ಯುಪಿಎಸ್ ಇಲ್ಲದೆ ಮತ್ತೆ ಆನ್ ಮಾಡಬೇಡಿ. ಯುಪಿಎಸ್ ಇದ್ದರಷ್ಟೇ ಸಾಲದು, ಅದರ ಯುಎಸ್‌ಬಿ ಕೇಬಲನ್ನು ನ್ಯಾಸ್‌ಗೆ ಚುಚ್ಚಿ, ಬ್ಯಾಟರಿ ಇಳಿಯುವ ಮೊದಲೇ ತಾನಾಗಿ ಶಟ್‌ಡೌನ್ ಆಗುವಂತೆ ಸೆಟ್ಟಿಂಗ್ ಮಾಡಿ. ಕೇಬಲ್ ಇಲ್ಲದಿದ್ದರೆ ಯುಪಿಎಸ್ ಬರೀ ಹತ್ತು ನಿಮಿಷ ತಡವಾಗಿ ಅದೇ ಅಪಘಾತ ಮಾಡಿಸುತ್ತದೆ. ಹೊಸದರಲ್ಲೇ, ಒಳಗೆ ಮುಖ್ಯವಾದದ್ದೇನೂ ಇಲ್ಲದಾಗ, ಯುಪಿಎಸ್‌ನ ಪ್ಲಗ್ ಕಿತ್ತು ನ್ಯಾಸ್ ಸರಿಯಾಗಿ ಮಲಗುತ್ತದೆಯೇ ನೋಡಿ. ಡಿಸ್ಕು ಹೊರಬಿದ್ದರೆ ನಿಮಗೆ ಇಮೇಲ್ ಬರುವ ಹಾಗೆ ಮಾಡಿ, ಆ ಹಳೆಯ ಈವೆಂಟ್ಸ್ ಎಣಿಕೆಯ ಕಥೆ ಮರುಕಳಿಸದಿರಲಿ. ರೇಡ್ ಬ್ಯಾಕಪ್ ಅಲ್ಲ, ಎಲ್ಲ ಡಿಸ್ಕುಗಳೂ ಒಂದೇ ಅಡಾಪ್ಟರ್‌ಗೆ ಕಟ್ಟಿಬಿದ್ದಿವೆ ಅಂದಮೇಲೆ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಮೂಲ ಡಿಸ್ಕುಗಳನ್ನು ಖಾನೆಯ ನಂಬರ್ ಹಚ್ಚಿದ ಹಾಗೆಯೇ ತಾರೀಕು ಬರೆದು ಎತ್ತಿಡಿ. ಆ ಎರಡನೇ ಪ್ರತಿ ಸಿದ್ಧವಾಗಿ, ಅದರಿಂದ ಒಂದು ಫೋಲ್ಡರ್ ವಾಪಸ್ ತೆಗೆದು ನೋಡುವವರೆಗೆ ಅವನ್ನು ಫಾರ್ಮ್ಯಾಟ್ ಮಾಡಬೇಡಿ.